ಇಳಿತಕ್ಕೆ ಸಿಕ್ಕ ದೋಣಿ

ಏಪ್ರಿಲ್ ತಿಂಗಳು; ಭೂಮಿಯ ದಕ್ಷಿಣಾರ್ಧದ ಆ ಸೀಮೆಯಲ್ಲಿ ಬೇಸಿಗೆಯ ಕಾವು ಇಳಿದು ಗಾಳಿ ತಣ್ಣಗಾಗುವ ಕಾಲ. ಬೆಳಕು ಹರಿಯುವ ಹೊತ್ತಿಗೆ ಕ್ಲೆಮ್ ತನ್ನ ಅಕ್ಕನ ಗಂಡ ಲಯನೆಲ್‌ನನ್ನು ದೋಣಿಗೆ ಹತ್ತಿಸಿಕೊಂಡು ಹಾರ್ವೆ ಅಳಿವೆಗೆ ಇಳಿದ. ದಡದ ಮೇಲಿನ ಗುಡಿಸಲು ಅಕ್ಕ ತಮ್ಮ ಇಬ್ಬರದೂ. ಅಕ್ಕ ತೀರಿಹೋದ ಮೇಲೆ ಅವಳ ಪಾಲನ್ನು ಮಾರಿಬಿಡೋಣವೆಂದು ಲಯನೆಲ್ ಬಂದಿದ್ದ. ಮಾರಿದರೆ ಕ್ಲೆಮ್‌ಗೆ ಬಲೆ ಒಣಗಿಸಲೂ ಜಾಗವಿರುತ್ತಿರಲಿಲ್ಲ.

ಲಯನೆಲ್ ಊರು ಬಿಟ್ಟದ್ದು ಕಾಲುವೆ ತೋಡುವ ಮೊದಲು. ಆಗ ನೀರು ನಿಂತಲ್ಲೇ ನಿಂತು, ಹಸಿರು ಪಾಚಿ ಕೊಳೆತು, ಊಟಕ್ಕೆ ಕೂತರೆ ಕಿಟಕಿ ತೆರೆಯುವಂತಿರಲಿಲ್ಲ. ಆಮೇಲೆ ಮರಳದಿಬ್ಬ ಸೀಳಿ ಕಡಲಿಗೆ ದಾರಿ ಮಾಡಿದರು.

ಮೊಣಕಾಲುದ್ದ ನೀರಿನಲ್ಲಿ ಕೈಬಲೆ ಹಿಡಿದು ಇಬ್ಬರೂ ನೀಲಿ ಏಡಿ ಬಾಚಿದರು. ಮೊಟ್ಟೆ ಹೊತ್ತವನ್ನು ಹಾಗೇ ಬಿಟ್ಟರು. ಬಕೆಟ್ ತುಂಬಿ ತಿರುಗಿ ನೋಡಿದರೆ ದೋಣಿ ಕೆಸರಿನ ಮೇಲೆ ಹೊಟ್ಟೆಯೂರಿ ಮಲಗಿತ್ತು. ಲಯನೆಲ್ ಹಳೇ ರೂಢಿಯಂತೆ ಅದನ್ನು ದಿಣ್ಣೆಗೆ ಒತ್ತಿ ಗಿಡ್ಡ ಹಗ್ಗದಲ್ಲಿ ಕಟ್ಟಿದ್ದ.

“ಏನ್ ಭಾವ, ಇನ್ನೂ ಕೆರೆ ಅನ್ಕೊಂಡ್ರಾ? ಈಗಿಲ್ಲಿ ಭರತ ಇಳಿತ ಎಲ್ಲಾ ಐತೆ.”

“ಕಟ್ಟೋವಾಗ ಬಾಯಿಗೆ ಬೀಗ ಹಾಕ್ಕೊಂಡಿದ್ಯೇನೋ?”

“ನೋಡ್ಲಿಲ್ಲ ಭಾವ, ನೋಡಿದ್ರೆ ಬಿಡ್ತಿದ್ನಾ!”

ನೀರು ಮರಳುವವರೆಗೆ ಕಾಯದೆ ಬೇರೆ ದಾರಿಯಿರಲಿಲ್ಲ. ಸೌದೆ ಆಯ್ದು, ಅಳಿವೆಯ ನೀರಿನಲ್ಲೇ ಏಡಿ ಬೇಯಿಸಿದರು. ಲಯನೆಲ್ ದಡದತ್ತ ನೋಡಿದ.

“ನಿಮ್ಮಕ್ಕ ಬಲೆ ಹೊಲೀತಾ ಕೂರ್ತಿದ್ದ ಮರಗಳು ಯಾಕೋ ಒಣಗಿವೆ?”

ಕ್ಲೆಮ್‌ಗೆ ಸುಳ್ಳು ಹೇಳಿ ಗುಡಿಸಲು ಉಳಿಸಿಕೊಳ್ಳುವ ಮನಸ್ಸಾಗಲಿಲ್ಲ. “ಬೇರಿಗೆ ಉಪ್ಪು ನೀರು ಹತ್ತಿತು ಭಾವ. ಸೊಳ್ಳೇನೂ ಜಾಸ್ತಿ ಆಗಿದೆ. ಕಾಲುವೆಯಿಂದ ಎಲ್ಲಾ ಒಳ್ಳೇದೇ ಆಯ್ತು ಅನ್ನಲ್ಲ.”

ಲಯನೆಲ್ ಏಡಿಯ ಕಾಲು ಮುರಿದು ತಿಂದ, ಇನ್ನೊಂದು ಮುರಿದ. ನೀರಿನ ಕಡೆಯಿಂದ ಗಾಳಿ ಬೀಸಿತು. ಅವನು ಮೂಗರಳಿಸಿ ಎಳೆದುಕೊಂಡ.

“ನಾತಾನೇ ಇಲ್ವಲ್ಲೋ! ಆಗ ಈ ನಾತ ತಡೀಲಾರ್ದೆ ನಿಮ್ಮಕ್ಕ ಅಳ್ತಿದ್ರೂ ಕರ್ಕೊಂಡ್ ಹೋಗಿದ್ದೆ.”

ಕ್ಲೆಮ್ ಬೆಂಕಿ ಕೆದಕುತ್ತ ಕೂತ. ಮಧ್ಯಾಹ್ನ ಹೊರಳಿದ ಮೇಲೆ ನೀರು ಮೆಲ್ಲನೆ ತೆವಳಿ ಬಂತು. ದೋಣಿ ಒಮ್ಮೆ ಅಲುಗಿತು.

“ಗುಡಿಸಲು ಮಾರಲ್ಲ ಬಿಡು,” ಎಂದ ಲಯನೆಲ್. “ಬರೋ ವರ್ಷ ಬಂದಾಗ ಸೊಳ್ಳೆಪರದೆ ಒಂದು ಇಟ್ಟಿರು.”

“ಎರಡು ಇಡ್ತೀನಿ ಭಾವ. ನಿಮ್ಮ ಗೊರಕೆಗೆ ಒಂದು.”

ಒಂದು ವಾರ ಲಯನೆಲ್ ಅಲ್ಲೇ ಉಳಿದು, ದಿನಾ ಏಡಿ ತಿಂದು, ಗುರುವಾರ ಬೆಳಿಗ್ಗೆ ಬಸ್ಸು ಹತ್ತಿದ.