ಬಳೆಗಾರನ ಹೆಂಡತಿಯ ಬರಿಗೈ

ನಮ್ಮನೆಯವರು ಬಳೆ ತೊಡಿಸಲು ಹೆಂಗಸರ ಕೈ ಹಿಡಿಯುತ್ತಿದ್ದ ಬಗೆಯೇ ಬೇರೆ. ಹೆಬ್ಬೆರಳನ್ನು ಅಂಗೈಯೊಳಕ್ಕೆ ಮಡಿಸಿ, ಗೆಣ್ಣುಗಳನ್ನು ಮೆಲ್ಲಗೆ ಒತ್ತಿ ಸಡಿಲಿಸಿ, ಮಾತಾಡುತ್ತಲೇ ಬಳೆ ಏರಿಸಿಬಿಡುತ್ತಿದ್ದರು. ನೋಯಿತು ಎಂದವರನ್ನು ನಾನು ಕಾಣೆ.

ಅಂಥವರಿಗೆ ದೊಡ್ಡ ಕರುಳಿನ ತುದಿಯಲ್ಲಿ, ಗುದದ ಹತ್ತಿರ, ಕ್ಯಾನ್ಸರ್ ಗಡ್ಡೆ ಬೆಳೆಯಿತು. ರಕ್ತ ಹೋಗುವುದನ್ನು ಮೂಲವ್ಯಾಧಿ ಎಂದುಕೊಂಡು ನನ್ನಿಂದಲೂ ಮುಚ್ಚಿಟ್ಟಿದ್ದರು. ಆಸ್ಪತ್ರೆಯಲ್ಲಿ ಮೊದಲು ಕರೆಂಟು ಅಂತಾರಲ್ಲ, ಆ ವಿಕಿರಣ ಕೊಟ್ಟು ಗಡ್ಡೆ ಕುಗ್ಗಿಸಿ, ಆಮೇಲೆ ಆಪರೇಷನ್ ಮಾಡಿ ಆ ಭಾಗವನ್ನೇ ತೆಗೆದರು. ಎಡಹೊಟ್ಟೆಯ ಮೇಲೆ ಮಲಕ್ಕೆ ಹೊಸ ದಾರಿ ಮಾಡಿ ಚೀಲ ಅಂಟಿಸಿದರು. ಅದನ್ನು ಬದಲಿಸುವುದನ್ನು ನಾನು ಕಲಿತೆ. ಮೊದಮೊದಲು ಅವರು ಗೋಡೆಯ ಕಡೆ ಮುಖ ಮಾಡಿಕೊಂಡು ಮಲಗಿರುತ್ತಿದ್ದರು. ಬರುಬರುತ್ತಾ ನಗಾಡಿದರು. "ಹೆಗಲಿಗೊಂದು ಬಳೆ ಚೀಲ ಇತ್ತು, ಈಗ ಹೊಟ್ಟೆಗೊಂದು. ಯಾಪಾರ ದೊಡ್ಡದಾಯ್ತು ಕಣೆ."

ಡಾಕ್ಟ್ರಮ್ಮ ಬಿಡಿಸಿ ಹೇಳಿದ್ದರು. "ಗಡ್ಡೆ ಪೂರ್ತಿ ತೆಗೆದಿದೀವಿ. ಆದ್ರೂ ಇದು ಮತ್ತೆ ಬರಬಹುದು. ರಕ್ತ ಪರೀಕ್ಷೆ, ಸ್ಕ್ಯಾನು ತಪ್ಪಿಸಬೇಡಿ. ಚಿಕ್ಕದಿರೋವಾಗ್ಲೇ ಕಂಡ್ರೆ ಏನಾದ್ರೂ ಮಾಡಬಹುದು."

ಮೊದಲ ಸಲ ಹೋಗಿಬಂದರು. ಮುಂದಿನ ಸಲಕ್ಕೆ ಮದುವೆ ಮನೆಯ ಬಳೆ ಇದೆ ಎಂದರು. ಮದುವೆ ಮುಗಿಯಿತು, ಆಗ ಕಾಲುನೋವು ಬಂತು. ಕೊನೆಗೊಂದು ದಿನ ನಿಜ ಆಡಿದರು.

"ಹುಡುಕಿದ್ರೆ ತಾನೆ ಸಿಗೋದು? ಸುಮ್ನೆ ಬಿಟ್ಬಿಡು."

"ಹುಡುಕದೆ ಇದ್ರೆ ಇರಾಕಿಲ್ವಾ?"

ಅವರು ಎದ್ದು ಹೊರಗೆ ಹೋದರು.

ಮಾರನೆಯ ಬೆಳಿಗ್ಗೆ ನಾನು ಕೈಗೆ ಸೋಪು ಹಚ್ಚಿ ಬಳೆಗಳನ್ನೆಲ್ಲ ಕಳಚಿ, ಅವರು ಕಾಫಿ ಕುಡಿಯುತ್ತಿದ್ದ ಕಡೆ ಇಟ್ಟೆ.

"ಇದೇನೆ, ಬರಿಗೈ?"

"ಅಭ್ಯಾಸ ಮಾಡ್ಕೊಂತಿವ್ನಿ."

ಅವರ ಲೋಟ ನೆಲಕ್ಕೆ ಇಳಿಯಿತು. "ಥೂ, ಬಿಡ್ತು ಅನ್ನು."

"ನೀವು ಆಸ್ಪತ್ರೆಗೆ ಹೊರಡ್ರಿ. ಆಮ್ಯಾಕೆ ಅಂತೀನಿ."

ಆ ದಿನ ನೀರಿಗೆ ಹೋದಾಗ ನನ್ನ ಕೈ ನೋಡಿದವರು ಸುಮ್ಮನಿರುತ್ತಾರೆಯೇ? ಹಿಟ್ಟಿನ ಗಿರಣಿಯ ಸಣ್ಣಮ್ಮಕ್ಕ ಬೀದಿಯಲ್ಲೇ ನಮ್ಮನೆಯವರನ್ನು ನಿಲ್ಲಿಸಿ ಕೇಳಿದಳಂತೆ. "ಏನ್ ತಿರುಮಳಣ್ಣ, ಊರೋರಿಗೆಲ್ಲ ತೊಡಿಸ್ತೀಯ, ಮನೆಯಾಕೆ ಕೈಗೆ ಗತಿ ಇಲ್ವಾ?"

ರಾತ್ರಿ ಊಟಕ್ಕೆ ಕೂತವರು ತಟ್ಟೆ ನೋಡುತ್ತಲೇ ಕೇಳಿದರು. "ಬಸ್ಸು ಎಷ್ಟೊತ್ತಿಗೆ?"

ಆಸ್ಪತ್ರೆಯಲ್ಲಿ ರಕ್ತ ಕೊಟ್ಟು, ಸ್ಕ್ಯಾನು ಮುಗಿಸಿ ಜಗಲಿಯ ಬೆಂಚಿನಲ್ಲಿ ಕೂತೆವು. ಅಕ್ಕಪಕ್ಕ ನಮ್ಮಂಥವರೇ. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ನಮ್ಮನೆಯವರು ಜೇಬಿನಿಂದ ಕಾಗದದ ಪೊಟ್ಟಣ ತೆಗೆದರು. ಹಸಿರು ಬಳೆ, ನನ್ನ ಅಳತೆಯವು.

"ಕೈ ಕೊಡು."

"ರಿಪೋರ್ಟು ಬರ್ಲಿ, ತಡೀರಿ."

"ಅದ್ರಲ್ಲಿ ಏನಾರ ಬರ್ಲಿ. ನೀ ಕೈ ಕೊಡು."

ಅಷ್ಟು ಜನರ ನಡುವೆ ನನಗೆ ನಾಚಿಕೆ. ಅವರು ಲಕ್ಷಿಸಲಿಲ್ಲ. ನನ್ನ ಹೆಬ್ಬೆರಳು ಮಡಿಸಿ, ಗೆಣ್ಣು ಒತ್ತಿ, ಒಂದೊಂದಾಗಿ ಏರಿಸತೊಡಗಿದರು. ಎದುರಿನ ಬೆಂಚಿನ ಹೆಂಗಸು ಸೆರಗಿನಲ್ಲಿ ಮೂಗೊರೆಸಿಕೊಂಡು ನಮ್ಮನ್ನೇ ನೋಡುತ್ತಿದ್ದಳು.

ಆಮೇಲೆ ಡಾಕ್ಟ್ರಮ್ಮ ಹೇಳಿದ್ದು ಒಳ್ಳೆಯ ಮಾತೇ. ಏನೂ ಕಂಡಿರಲಿಲ್ಲ. ಆದರೆ ನನಗೆ ಹೆಚ್ಚು ನೆನಪಿರುವುದು ಅದಕ್ಕೆ ಮುಂಚಿನ ಗಳಿಗೆ. ನರ್ಸು ಬಾಗಿಲಿಗೆ ಬಂದು ಅವರ ಹೆಸರು ಕೂಗಿದಳು. ಕೊನೆಯ ಬಳೆ ಇನ್ನೂ ನನ್ನ ಗೆಣ್ಣಿನ ಮೇಲೆ ನಿಂತಿತ್ತು. ಅವರು ತಲೆ ಎತ್ತಲಿಲ್ಲ.

"ತಡಿ ತಾಯಿ, ಬಂದೆ" ಎಂದರು, "ಇದೊಂದು ಏರ್ಲಿ."