ಕೋಣೆಯ ತೀರ್ಮಾನ

ಮೇಜೊಂದಕ್ಕೇ ಆರು ಹೊಲಿಗೆ ಯಂತ್ರಗಳ ಬೆಲೆ. ಕುರ್ಚಿ ಎಂಟು, ಒಂದೊಂದಕ್ಕೂ ಹೊಲಿಯುವ ಹೆಂಗಸೊಬ್ಬಳ ತಿಂಗಳ ಸಂಬಳ. ಗಾಜಿನ ಬಾಗಿಲು, ನೆಲಹಾಸು, ಏಸಿ, ಇವುಗಳ ಲೆಕ್ಕವನ್ನು ಅಣ್ಣ ಯಾರಿಗೂ ಹೇಳಲಿಲ್ಲ. ಬಾಗಿಲ ಮೇಲೆ ಅಂಟಿಸಿದ ‘ಬೋರ್ಡ್‌ರೂಮ್’ ಎಂಬ ಅಕ್ಷರಗಳು ಮಾತ್ರ ಅಗ್ಗಕ್ಕೆ ಸಿಕ್ಕವು.

ಅದು ಕೊಡೆ ತಯಾರಿಸುವ ಕಾರ್ಖಾನೆ. ಅಪ್ಪನ ಕಾಲದಲ್ಲಿ ಈ ಬೋರ್ಡ್‌ರೂಮಿಗೆ ಬರೀ ‘ಮೇಲಿನ ಕೋಣೆ’ ಎಂದು ಹೆಸರು. ಬಟ್ಟೆಯ ಸುರುಳಿಗಳ ನಡುವೆ ಅಪ್ಪ ಕೂತಿರುತ್ತಿದ್ದ. ಯಾರಿಗೆ ಸಿಟ್ಟು ಬಂದರೂ ಮೆಟ್ಟಿಲು ಹತ್ತಿ ಹೋಗಿ ಜಗಳವಾಡಬಹುದಿತ್ತು. ಕೇಳಿದ್ದು ಸಿಗುತ್ತಿತ್ತು, ಇಲ್ಲವೇ ಬೈಗುಳ ಸಿಗುತ್ತಿತ್ತು. ಬೈದವನು ಯಾರೆಂದಂತೂ ಗೊತ್ತಿರುತ್ತಿತ್ತು.

ಅಪ್ಪ ಹೋದ ಮೇಲೆ ಅಣ್ಣ ಯಜಮಾನನಾದ. ಕೆಳಗಿನ ಹೊಲಿಗೆ ವಿಭಾಗ ನೋಡಿಕೊಳ್ಳುವುದು ತಂಗಿಯ ಪಾಲಿಗೆ ಬಂತು. ಹೊಸ ಕೋಣೆ ತಯಾರಾದ ದಿನ, ಹೊಲಿಗೆಯವರಲ್ಲಿ ಹಿರಿಯಳಾದ ದೊಡ್ಡಕ್ಕ ಕತ್ತೆತ್ತಿ ನೋಡಿ, “ಅಲ್ಪನಿಗೆ ಐಶ್ವರ್ಯ ಬಂದ್ರೆ ಅರ್ಧರಾತ್ರೀಲಿ ಕೊಡೆ ಹಿಡಿದನಂತೆ. ಆ ಕೊಡೇನೂ ನಾವೇ ಹೊಲಿದಿರಬೇಕು!” ಎಂದಳು. ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ತಂಗಿಯೂ ನಕ್ಕಳು.

ಅಲ್ಲಿಂದ ಅಣ್ಣನ ಬಾಯಲ್ಲಿ ‘ನಾನು’ ಎಂಬ ಮಾತೇ ನಿಂತುಹೋಯಿತು. ಹೊಲಿಗೆಯವರು ಫ್ಯಾನು ಕೇಳಿದರೆ, “ಬೋರ್ಡ್‌ರೂಮ್ ಯೋಚಿಸ್ತಾ ಇದೆ.”

“ಯೋಚಿಸೋಕೆ ಅದಕ್ಕೆ ತಲೆ ಎಲ್ಲಿದೆ? ಅದು ಕೋಣೆ ಅಲ್ವಾ?” ಎಂದಳು ದೊಡ್ಡಕ್ಕ. ಫ್ಯಾನು ಬರಲಿಲ್ಲ.

ಒಂದು ಬೆಳಿಗ್ಗೆ ಅಣ್ಣ ತಂಗಿಯನ್ನು ಮೇಲೆ ಕರೆಸಿದ. ಮೇಜಿನ ಮೇಲೆ ಹೊರಗಿನಿಂದ ತರಿಸಿದ, ಹೊಲಿದು ಸಿದ್ಧವಾದ ಕೊಡೆಬಟ್ಟೆ ಬಿದ್ದಿತ್ತು.

“ಇನ್ಮೇಲೆ ಇದೇ ಬರುತ್ತೆ. ಹೊಲಿಗೆ ವಿಭಾಗ ಮುಚ್ಚೋದು ಅಂತ ಬೋರ್ಡ್‌ರೂಮ್ ತೀರ್ಮಾನ ಆಗಿದೆ ಕಣೆ.”

“ಬೋರ್ಡಲ್ಲಿ ಯಾರ್ಯಾರಿದ್ದಾರೆ ಅಣ್ಣ?”

“ನಾನು, ನಿಮ್ಮತ್ತಿಗೆ... ನೀನು.”

“ನಾನು ಯಾವಾಗ ತೀರ್ಮಾನ ಮಾಡಿದೆ?”

“ಮೂವರಲ್ಲಿ ಇಬ್ಬರು ಒಪ್ಪಿದ್ರೆ ಆಯ್ತು. ನಿನ್ನ ಮನಸ್ಸು ಯಾಕೆ ನೋಯಿಸೋದು ಅಂತ ಕರೀಲಿಲ್ಲ.”

“ಸರಿ. ಹಾಗಾದ್ರೆ ಕೆಳಗೆ ಬಂದು ನೀನೇ ಹೇಳು. ‘ನಾನು ಮುಚ್ತಾ ಇದ್ದೀನಿ’ ಅಂತ ಹೇಳು.”

ಅಣ್ಣ ಆ ಬಟ್ಟೆಯನ್ನು ಮಡಚಿದ, ಬಿಚ್ಚಿದ. “ದೊಡ್ಡಕ್ಕ ನನ್ನನ್ನ ಸೊಂಟದ ಮೇಲೆ ಹೊತ್ತು ಆಡಿಸಿದೋಳು. ಯಾವ ಮುಖ ಇಟ್ಕೊಂಡು ಹೇಳ್ಲಿ? ನೀನೇ ಹೇಳಿಬಿಡು. ಬೋರ್ಡ್‌ರೂಮ್ ತೀರ್ಮಾನ ಅನ್ನು, ಸಾಕು. ಯಾರ ಮೇಲೂ ಬರಲ್ಲ.”

ಅಣ್ಣನ ಹೆಸರು ಹೇಳಿಯೇ ತೀರುತ್ತೇನೆ, ಅವರೆಲ್ಲ ಮೇಲೆ ಹತ್ತಿ ಬಂದು ಮೊದಲಿನ ಹಾಗೆ ಜಗಳವಾಡಲಿ ಎಂದುಕೊಂಡೇ ತಂಗಿ ಮೆಟ್ಟಿಲಿಳಿದಳು. ಅವಳ ಮುಖ ಕಂಡು ಯಂತ್ರಗಳು ಒಂದೊಂದಾಗಿ ನಿಂತವು. ಹನ್ನೆರಡು ಜನ ಅವಳ ಬಾಯನ್ನೇ ನೋಡುತ್ತಿದ್ದರು. ಅಣ್ಣ ಮುಚ್ಚಿದ ಎಂದರೆ, ‘ನೀನೇನು ಮಾಡುತ್ತಿದ್ದೆ? ನೀನೂ ಯಜಮಾನನ ಮಗಳಲ್ಲವೇ?’ ಎಂದು ಯಾರಾದರೂ ಕೇಳಿಯಾರು ಎಂದು ಅವಳಿಗೆ ಆಗ ಹೊಳೆಯಿತು.

“ಹೊಲಿಗೆ ನಿಲ್ಲಿಸ್ತಾರಂತೆ,” ಎಂದಳು. “ಬೋರ್ಡ್‌ರೂಮ್ ತೀರ್ಮಾನ.”

“ಅಂದ್ರೆ ಯಾರು ಮಗಳೇ?” ಎಂದಳು ದೊಡ್ಡಕ್ಕ.

“ಮೇಲಿನೋರು.”

ದೊಡ್ಡಕ್ಕ ಸೂಜಿಯಿಂದ ದಾರ ಕಿತ್ತು, ಎದ್ದು ಬಂದು ಅವಳ ಕೈ ಹಿಡಿದುಕೊಂಡಳು. “ನೀನ್ಯಾಕೆ ಅಳ್ತೀಯ? ನಿನ್ನ ಕೈಲಿ ಏನಿದೆ ಪಾಪ. ಆ ಕೋಣೆ ಹಾಳಾಗ!”

ನನ್ನ ಕೈಲೂ ಒಂದು ಪಾಲಿದೆ, ಆ ಕೋಣೆಯಲ್ಲಿ ನನಗೂ ಒಂದು ಕುರ್ಚಿ ಇದೆ ಎಂದು ಹೇಳಲು ಅದೇ ಹೊತ್ತಾಗಿತ್ತು. ತಂಗಿ ಕಣ್ಣೊರೆಸಿಕೊಂಡಳು.

ಹನ್ನೆರಡು ಜನರ ಕೆಲಸ ಹೋಯಿತು. ಅಣ್ಣನನ್ನು ಯಾರೂ ಬೈಯಲಿಲ್ಲ. ಈಗ ಸಭೆಗೆ ತಂಗಿಯನ್ನೂ ಕರೆಯುತ್ತಾರೆ, ಅವಳೂ ಹೋಗಿ ಕೂರುತ್ತಾಳೆ. ದೊಡ್ಡಕ್ಕ ದಾರಿಯಲ್ಲಿ ಸಿಕ್ಕಾಗಲೆಲ್ಲ ಅವಳ ತಲೆ ಸವರಿ, ಕೋಣೆಗೆ ಶಾಪ ಹಾಕಿ ಮುಂದೆ ಹೋಗುತ್ತಾಳೆ.