ನಮಗೇನು ಅರ್ಜೆಂಟಿಲ್ಲ

"ಹಾರ ಇಲ್ಲಿ ಕೊಡಿ," ಎಂದು ಬಸವರಾಜು ಕೈ ಚಾಚಿದ.

ಕೊಡಬೇಕೋ ಬೇಡವೋ ಪ್ರಸನ್ನಕುಮಾರನಿಗೆ ತಿಳಿಯಲಿಲ್ಲ. ಅದು ಹೆಣಕ್ಕೆಂದು ತಂದ ಹಾರವಲ್ಲ. ಬೆಳಿಗ್ಗೆ ಚಿಕ್ಕಮಗಳೂರಿನ ಶೋರೂಮಿನಿಂದ ಹೊರಡುವಾಗ ಹೊಸ ಕಾರಿನ ಮೂತಿಗೆ ಕಟ್ಟಿದ್ದು. ಬಾಳೂರಿನ ದಾರಿಯ ಕುಲುಕಾಟಕ್ಕೆ ದಾರ ಬಿಚ್ಚಿಕೊಂಡಿತ್ತು. ಗೇಟಿನ ಹತ್ತಿರ ಇಳಿದು ಅದನ್ನು ಕೈಗೆತ್ತಿಕೊಂಡಿದ್ದ, ಅಷ್ಟೆ. ಅಂಗಳದ ತುಂಬ ಜನ ಕಂಡು ಅವನಿಗೆ ನಗು ಬಂದಿತ್ತು. ಕಾರು ನೋಡಲು ಗಂಗಾಧರಪ್ಪನವರು ಊರನ್ನೇ ಕರೆದುಬಿಟ್ಟಿದ್ದಾರಲ್ಲ ಎಂದುಕೊಂಡಿದ್ದ. ನಾಲ್ಕು ಹೆಜ್ಜೆ ಮುಂದೆ ಬಂದ ಮೇಲೆ ಚಾಪೆ ಕಂಡಿತು. ಚಾಪೆಯ ಮೇಲೆ, ಮೂಗಿಗೆ ಹತ್ತಿ ಇಡಿಸಿಕೊಂಡು, ಗಲ್ಲಕ್ಕೆ ಬಿಳಿಬಟ್ಟೆ ಕಟ್ಟಿಸಿಕೊಂಡು ಗಂಗಾಧರಪ್ಪನವರೇ ಮಲಗಿದ್ದರು.

"ಕೊಡಿ ಮಾರಾಯ್ರೆ ಈಚೆ." ಬಸವರಾಜು ಹಾರವನ್ನು ಅವನ ಕೈಯಿಂದ ಬಿಡಿಸಿಕೊಂಡು ಹೋಗಿ ಹೆಣದ ಎದೆಯ ಮೇಲೆ ಹರಡಿದ. ಕಾರಿಗೆ ದೃಷ್ಟಿಯಾಗದಿರಲೆಂದು ಹಾರದ ನಡುವೆ ಪೋಣಿಸಿದ್ದ ನಿಂಬೆಹಣ್ಣು ಗಂಗಾಧರಪ್ಪನವರ ಹೊಟ್ಟೆಯ ಮೇಲೆ ಬಂದು ಕೂತಿತು. ಪಕ್ಕದಲ್ಲಿದ್ದ ಮುದುಕಿಯೊಬ್ಬಳು ಅದನ್ನು ನೋಡಿ ಹುಬ್ಬೇರಿಸಿದಳು. ಸಾವಿನ ಮನೆಯಲ್ಲಿ ಇದೇನೆಂದು ಕೇಳುವುದು ಹೇಗೆ?

ಪ್ರಸನ್ನಕುಮಾರ ಮೆಟ್ಟಿಲ ಮೇಲೆ ಕುಳಿತ.

"ಯಾವಾಗ?" ಎಂದು ಕೇಳಿದ.

"ನಿನ್ನೆ ಸಂಜೆ. ಕಣದಲ್ಲಿ ಮೆಣಸು ರಾಶಿ ಮಾಡ್ತಿದ್ರು. ಸುಸ್ತಾಯ್ತು ಅಂತ ಕೂತ್ರು. ಅಷ್ಟೇ. ಮೂಡಿಗೆರೆಗೆ ಹಾಕ್ಕೊಂಡು ಹೋದ್ವಿ, ಡಾಕ್ಟ್ರು ಕೈ ಹಿಡಿದು ನೋಡಿ ಬಿಟ್ಬಿಟ್ರು. ಗಂಗಾಧರಣ್ಣ ನಮ್ಮ ದೊಡ್ಡಪ್ಪನ ಮಗ. ನೀವು ಯಾರ ಕಡೆಯೋರು?"

"ಕಾರಿನ ಕಡೆಯೋನು," ಎಂದ ಪ್ರಸನ್ನಕುಮಾರ. "ನಿನ್ನೆ ಮಧ್ಯಾಹ್ನ ಫೋನಲ್ಲಿ ಮಾತಾಡಿದ್ರು ನನ್ನ ಹತ್ರ. ಬೆಳಿಗ್ಗೆ ಹತ್ತು ಗಂಟೆಗೆ ತನ್ನಿ ಅಂದಿದ್ರು."

ಆಗ ಜಗಲಿಯಿಂದ ದೀಪಶ್ರೀ ಇಳಿದು ಬಂದಳು. ಗಂಗಾಧರಪ್ಪನವರ ಒಬ್ಬಳೇ ಮಗಳು, ಮೂಡಿಗೆರೆಯಲ್ಲಿ ಹೈಸ್ಕೂಲು ಟೀಚರು. ಕಾರು ಯಾವಾಗ ಬರುತ್ತದೆಂದು ಒಂದು ವರ್ಷದಿಂದ ಈ ಮನುಷ್ಯನ ಜೊತೆ ಫೋನಿನಲ್ಲಿ ಜಗಳವಾಡುತ್ತ ಬಂದವಳು. ಮುಖ ನೋಡಿದ್ದು ಇವತ್ತೇ. ಗೇಟಿನಾಚೆ ನಿಂತಿದ್ದ ಬಿಳಿ ಕಾರನ್ನೂ ಅವನನ್ನೂ ನೋಡಿದಳು.

"ಈಗ ತಂದ್ರಾ?" ಎಂದಳು. ಬೈಯಬೇಕೆಂದೇ ಬಂದಿದ್ದಳು. ಆದರೆ ತಿರುಗಿ ಹೋಗಿ ಅಪ್ಪನ ತಲೆಯ ಹತ್ತಿರ ಕುಳಿತಳು.

*

ಕಾಫಿಗೆ ರೇಟು ಬಂದ ವರ್ಷ ಬಾಳೂರಿನ ಸುತ್ತಮುತ್ತ ಕಾರು ಬುಕ್ ಮಾಡದವನೇ ಪಾಪಿ ಎನ್ನುವ ಹಾಗಾಗಿತ್ತು. ಐದು ಎಕರೆಯ ಗಂಗಾಧರಪ್ಪನವರಿಗೆ ಅಂಥ ಆಸೆಯೇನೂ ಇರಲಿಲ್ಲ. ಆಸೆ ಇದ್ದದ್ದು ಸಾವಿತ್ರಮ್ಮನಿಗೆ. ಅವರಿಗೂ ಬೇಕಿದ್ದದ್ದು ಕಾರಲ್ಲ, ಕಳಸ. ಅಲ್ಲಿ ತಮ್ಮ ಶಂಕರನ ಮನೆಯಲ್ಲಿ ಅವರ ಅವ್ವ ಇದ್ದರು. ಎಂಬತ್ತಾರು ವರ್ಷ, ಸೊಂಟ ಮುರಿದು ಓಡಾಟ ನಿಂತಿತ್ತು, ನೆನಪು ಒಂದೊಂದಾಗಿ ಕೈಬಿಡುತ್ತಿತ್ತು. ಬಾಳೂರಿನಿಂದ ಕಳಸ ದೂರವೇನಲ್ಲ. ಆದರೆ ಆ ತಿರುವುಗಳು, ಜೀಪಿನ ಡೀಸೆಲ್ ವಾಸನೆ, ಗೇರು ಬಿದ್ದಾಗಲೆಲ್ಲ ಆಗುವ ಜಗ್ಗಾಟ. ಕಳೆದ ಸಲ ಅರ್ಧ ದಾರಿಯಲ್ಲೇ ವಾಂತಿಯಾಗಿ ಆಗಿ, ಬಿ.ಪಿ. ಏರಿ, ಸಾವಿತ್ರಮ್ಮ ರಸ್ತೆಯ ಪಕ್ಕ ಪ್ರಜ್ಞೆ ತಪ್ಪಿ ಬಿದ್ದಿದ್ದರು. ಬಾಡಿಗೆ ಟ್ಯಾಕ್ಸಿಯಲ್ಲೂ ಅದೇ ಕತೆ. ಎರಡು ವರ್ಷವಾಯಿತು, ತಾಯಿಯ ಮುಖ ಕಂಡಿರಲಿಲ್ಲ.

ಹಾಗಾಗಿ ಕಾರಿನ ಆಯ್ಕೆ ಎಂದರೆ ಸಾವಿತ್ರಮ್ಮನ ಹೊಟ್ಟೆಯ ಆಯ್ಕೆ. ಡೀಸೆಲ್ ಮೊದಲ ದಿನವೇ ಬಿತ್ತು. ಬ್ಯಾಟರಿ ಕಾರು ಎಂದು ದೀಪಶ್ರೀ ಹೇಳಿದಳು. "ಜೂನಲ್ಲಿ ನಾಲ್ಕು ದಿನ ಕರೆಂಟ್ ಹೋದ್ರೆ ಕಾರಿನ ಮುಂದೆ ಚಿಮಣಿ ದೀಪ ಹಚ್ಚಿಡೋದಾ?" ಎಂದು ಗಂಗಾಧರಪ್ಪ ನಕ್ಕರು. ಕೊನೆಗೆ ಯಾರೋ ಹೈಬ್ರಿಡ್ ವಿಷಯ ಹೇಳಿದರು. ಪೆಟ್ರೋಲೂ ಉಂಟು, ಬ್ಯಾಟರಿಯೂ ಉಂಟು, ಇಳಿಜಾರಿನಲ್ಲಿ ತಾನೇ ಚಾರ್ಜ್ ಆಗುತ್ತದೆ, ಗೇರಿನ ಜಗ್ಗಾಟವಿಲ್ಲ. "ಇಳಿಜಾರಿಗೇನು ಬರ ನಮ್ಮೂರಲ್ಲಿ?" ಎಂದು ಅವರು ಮರುದಿನವೇ ಹೆಂಡತಿಯನ್ನು ಚಿಕ್ಕಮಗಳೂರಿಗೆ ಹೊರಡಿಸಿದರು.

ಶೋರೂಮಿನ ಕಾರಿನಲ್ಲಿ ಪ್ರಸನ್ನಕುಮಾರ ಅವರಿಬ್ಬರನ್ನು ಬೆಟ್ಟದ ಮೇಲಿನ ಅತ್ತಿಗುಂಡಿಯವರೆಗೆ ಹತ್ತಿಸಿದ. ಸಾವಿತ್ರಮ್ಮ ಮುಂದಿನ ಸೀಟಿನಲ್ಲಿ, ಕೈಯಲ್ಲಿ ಪ್ಲಾಸ್ಟಿಕ್ ಕವರು, ಕಣ್ಣು ಮುಚ್ಚಿ ದೇವರ ಧ್ಯಾನ. ಹಿಂದೆ ಗಂಗಾಧರಪ್ಪ ಪ್ರತಿ ತಿರುವಿನಲ್ಲೂ "ಹೇಗಿದೆ? ಈಗ ಹೇಗಿದೆ?" ಎಂದು ಕೇಳುತ್ತಿದ್ದರು. ಮೇಲೆ ತಲುಪಿದಾಗ ಸಾವಿತ್ರಮ್ಮ ಕಣ್ಣು ಬಿಟ್ಟು, ಕವರು ಮಡಚಿ ಬ್ಯಾಗಿಗೆ ಹಾಕಿ, "ಅಲ್ಲಿ ಬಜ್ಜಿ ಕರೀತಿದಾರೆ. ಒಂದು ಪ್ಲೇಟ್ ತಗೊಳ್ಳಿ," ಎಂದರು.

"ಬಜ್ಜಿ ಕೇಳ್ತಿದೀಯಾ!" ಗಂಗಾಧರಪ್ಪ ಮಗುವಿನಂತೆ ಚಪ್ಪಾಳೆ ತಟ್ಟಿದರು. "ಪ್ರಸನ್ನಕುಮಾರ್, ಇದೇ ಕಾರು. ಬರ್ಕೊಳ್ಳಿ."

"ಆರು ತಿಂಗಳು ಕಾಯ್ಬೇಕಾಗುತ್ತೆ ಸರ್. ಎಲ್ರೂ ಇದನ್ನೇ ಕೇಳ್ತಿದಾರೆ."

"ಪರವಾಗಿಲ್ಲ," ಎಂದರು ಗಂಗಾಧರಪ್ಪ.

ಅಂದು ರಾತ್ರಿಯೇ ಸಾವಿತ್ರಮ್ಮ ಕಳಸಕ್ಕೆ ಫೋನು ಮಾಡಿದರು. "ಅವ್ವ, ಕಾರು ಬಂದ ಕೂಡ್ಲೆ ಬರ್ತೀನಿ." ಅಲ್ಲಿಂದ ವಾರಕ್ಕೊಂದು ಸಲ ಅದೇ ಮಾತು. ಶ್ರಾವಣದಲ್ಲಿ ಅವ್ವ "ಬಂತೇನೆ ಕಾರು?" ಎಂದು ಕೇಳುತ್ತಿದ್ದರು. ದೀಪಾವಳಿಯ ಹೊತ್ತಿಗೆ ಒಂದೇ ಫೋನಿನಲ್ಲಿ ಮೂರು ಸಲ ಕೇಳುವುದಾಯಿತು. ಸಂಕ್ರಾಂತಿ ಕಳೆದ ಮೇಲೆ ಒಂದು ದಿನ "ಯಾವ ಸಾವಿತ್ರಿ?" ಎಂದರು. ಸಾವಿತ್ರಮ್ಮ ಆ ದಿನ ಊಟ ಮಾಡಲಿಲ್ಲ.

"ಪಕ್ಕದ ವೆಂಕಟೇಶಂಗೆ ಅದೇ ಕಾರು ಬಂದಿದೆ. ಒಂದು ದಿನದ ಮಟ್ಟಿಗೆ ಕೇಳಿ," ಎಂದು ಗಂಡನನ್ನು ಬೇಡಿಕೊಂಡರು.

"ನಮ್ಮದೇ ಬರುತ್ತಲ್ಲ ಮಾರಾಯ್ತಿ. ಇನ್ನೊಬ್ರನ್ನ ಯಾಕೆ ಕೇಳೋದು? ಕಂಪನಿಯೋರು ತಡ ಮಾಡ್ತಿದಾರೆ, ಏನ್ಮಾಡೋದು." ಕೊಡುವುದು ಗೊತ್ತಿದ್ದ ಆ ಮನುಷ್ಯನಿಗೆ ಕೇಳುವುದು ಮಾತ್ರ ಹುಟ್ಟಿನಿಂದಲೂ ಗೊತ್ತಿರಲಿಲ್ಲ.

*

ಚಾಪೆಯ ಸುತ್ತ ಜನ ಈಗ ಅದನ್ನೇ ಹೇಳಿಕೊಳ್ಳುತ್ತಿದ್ದರು. ಕಾಫಿ ಹೂವರಳಿಸುವ ಹೂಮಳೆ ಕೈಕೊಟ್ಟ ವರ್ಷ ಹಳ್ಳದ ನೀರಿನ ಸರದಿಯನ್ನು ಪಕ್ಕದ ತೋಟಕ್ಕೆ ಬಿಟ್ಟುಕೊಟ್ಟದ್ದು, ಇವರ ಗಿಡ ಹೂವಿಲ್ಲದೆ ನಿಂತದ್ದು. ಬಸ್ಸಿನಲ್ಲಿ ಮೂಡಿಗೆರೆಯವರೆಗೂ ನಿಂತೇ ಹೋಗುತ್ತಿದ್ದದ್ದು. ಬೇಲಿ ಒತ್ತಿದವನಿಗೂ ಪರವಾಗಿಲ್ಲ, ಕಾಲು ತುಳಿದವನಿಗೂ ಪರವಾಗಿಲ್ಲ. ಒಳ್ಳೆಯವರು ಸತ್ತಾಗ ಹೇಳಲು ಬೇಕಾದಷ್ಟು ಸಿಗುತ್ತದೆ.

ಸಾವಿತ್ರಮ್ಮ ಕಂಬಕ್ಕೆ ಒರಗಿ ಕೂತಿದ್ದರು. ನಿನ್ನೆಯಿಂದ ಒಂದು ಹನಿ ಕಣ್ಣೀರು ಬಂದಿರಲಿಲ್ಲ. ಸಿಡಿಲು ಬಡಿದವರ ಹಾಗಿದ್ದರು. ಪ್ರಸನ್ನಕುಮಾರ ಅವರ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತು ಕೈಮುಗಿದ.

"ಅಮ್ಮ, ಇಂಥವರನ್ನ ನಾನು ನೋಡಿಲ್ಲ. ಮೂರು ಸಲ ಅವರ ಸರದಿ ಬಂತು. ಮೂರು ಸಲಾನೂ ಬಿಟ್ಕೊಟ್ರು. ದೇವರಂಥ ಮನುಷ್ಯ."

ಸಮಾಧಾನ ಹೇಳುತ್ತಿದ್ದೇನೆ ಎಂದೇ ಅವನು ತಿಳಿದಿದ್ದ. ಸಾವಿತ್ರಮ್ಮ ತಲೆ ಎತ್ತಿದರು.

"ಏನು ಬಂತು?"

"ಸರದಿ ಅಮ್ಮ. ಶ್ರಾವಣದಲ್ಲಿ ಒಂದ್ಸಲ. ಅದು ವೆಂಕಟೇಶಣ್ಣಂಗೆ ಹೋಯ್ತು, ಮಗಳ ಮದುವೆ ಇತ್ತಲ್ಲ. ದೀಪಾವಳೀಲಿ ಒಬ್ರು ಪ್ಲಾಂಟರು ಲಕ್ಷ್ಮೀಪೂಜೆ ದಿನಾನೇ ಬೇಕು ಅಂತ ಹಟ ಹಿಡಿದ್ರು. ಅವರಿಗೆ. ಸಂಕ್ರಾಂತಿಗೆ ಅತ್ತಿಗುಂಡಿಯೋರು ಒಬ್ರು, ಹೆಂಡ್ತಿಗೆ ವಾರಕ್ಕೆ ಮೂರ್ಸಲ ಡಯಾಲಿಸಿಸ್..."

ಮಾತು ಹೇಳುತ್ತಿದ್ದಂತೆಯೇ ತಾನು ಏನೋ ಹಾಳುಮಾಡುತ್ತಿದ್ದೇನೆ ಎಂದು ಅವನಿಗೆ ಅನಿಸತೊಡಗಿತು. ಜನ ವೆಂಕಟೇಶನ ಕಡೆ ನೋಡಿದರು.

"ನಂಗೆ ಗೊತ್ತಿತ್ತು ಅತ್ತಿಗೆ," ಎಂದ ವೆಂಕಟೇಶ, ಹೆಗಲ ಟವೆಲನ್ನು ತಿರುಚುತ್ತ. "ಮನೇಲಿ ಹೇಳ್ಬೇಡ ಅಂದಿದ್ರು."

ದೀಪಶ್ರೀ ಬಾಯಿಗೆ ಸೆರಗು ಒತ್ತಿಕೊಂಡಳು. ಒಂದು ವರ್ಷ ಅವಳು ಬೈದದ್ದು ಯಾರನ್ನು!

"ಲಿಸ್ಟಲ್ಲಿ ಇವರೊಬ್ರೇ ಇದ್ರಾ?" ಎಂದು ಸಾವಿತ್ರಮ್ಮ ಕೇಳಿದರು.

ಪ್ರಸನ್ನಕುಮಾರ ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ಇಲ್ಲಮ್ಮ. ಬೇರೆಯೋರನ್ನ ಕೇಳಿದ್ರೆ ಬೈತಿದ್ರು. ಇವರು ಬೈಯಲ್ಲ ಅಂತ ಗೊತ್ತಿತ್ತು. ಅದಕ್ಕೆ ಇವರನ್ನೇ ಕೇಳ್ತಿದ್ದೆ."

"ನಮ್ಮವ್ವನ ವಿಷಯ ಹೇಳಿದ್ರಾ ನಿಮ್ಮ ಹತ್ರ? ಕಳಸಕ್ಕೆ ಹೋಗ್ಬೇಕು ಅಂತ?"

"ಇಲ್ಲ. ಕೇಳಿದಾಗೆಲ್ಲ ಒಂದೇ ಮಾತು ಅಮ್ಮ. ನಮಗೇನು ಅರ್ಜೆಂಟಿಲ್ಲ, ಅವರಿಗೆ ಕೊಡಿ."

"ನಮಗೆ ಅಂದ್ರಾ?"

"ಹೌದು."

"ನಮಗೆ," ಎಂದರು ಸಾವಿತ್ರಮ್ಮ ಇನ್ನೊಂದು ಸಲ. ನಲವತ್ತು ವರ್ಷ ಒಟ್ಟಿಗೆ ಇದ್ದ ಗಂಡನನ್ನು, ಪರಿಚಯವಿಲ್ಲದವರನ್ನು ನೋಡುವಂತೆ ನೋಡಿದರು. ಮನೆಗೆ ಮಾರಿ, ಊರಿಗೆ ಉಪಕಾರಿ ಎನ್ನುವ ಗಾದೆ ಇದೆ. ಹೆಣದ ಎದುರು ಅದನ್ನು ಆಡುವುದು ಪಾಪ. ಆದರೆ ನಾಲಗೆಯ ತುದಿಗೆ ಬಂದದ್ದು ಅದೇ. ಆ ಅತ್ತಿಗುಂಡಿಯ ಹೆಂಗಸಿಗೆ ಕೊಟ್ಟದ್ದು ತಪ್ಪೆನ್ನಲಾಗುವುದಿಲ್ಲ. ಹಾಗೆಂದು ಸರಿ ಎನ್ನಲೂ ಬಾಯಿ ಬರುವುದಿಲ್ಲ. ಸಿಟ್ಟು ಮಾಡೋಣವೆಂದರೆ ಜಗಳಕ್ಕೆ ನಿಲ್ಲಬೇಕಾದವರೇ ಕಣ್ಣು ಮುಚ್ಚಿ ಮಲಗಿದ್ದಾರೆ. ಆಗ ಸಾವಿತ್ರಮ್ಮನಿಗೆ ಅಳು ಬಂತು. ಮೈಯೆಲ್ಲ ನಡುಗುವ ಹಾಗೆ ಅತ್ತರು. ಗಂಡ ಹೋದ ದುಃಖವೆಂದು ಹೆಂಗಸರೆಲ್ಲ ಬಂದು ಬೆನ್ನು ಸವರಿದರು.

"ಹೊತ್ತಾಯ್ತು," ಎಂದು ಬಸವರಾಜು ಎದ್ದ.

*

ತೋಟದ ಅಂಚಿನಲ್ಲೇ ಸುಟ್ಟರು. ಹೂವು ಬಿಟ್ಟ ಕಾಫಿ ಗಿಡಗಳ ಘಮ ಮತ್ತು ಹೊಗೆ ಒಟ್ಟೊಟ್ಟಿಗೆ ಮನೆಯ ತನಕ ಬಂದವು. ಗಂಡಸರು ಸ್ನಾನ ಮುಗಿಸಿ ಬರುವಾಗ ಎರಡು ಗಂಟೆ. ಪ್ರಸನ್ನಕುಮಾರ ಹೋಗಿರಲಿಲ್ಲ. ಹೇಳದೆ ಹೋಗುವುದು ಹೇಗೆಂದು ಗೇಟಿನ ಹತ್ತಿರವೇ ನಿಂತಿದ್ದ.

"ರಿಜಿಸ್ಟ್ರೇಷನ್ ಇನ್ನೂ ಆಗಿಲ್ಲ," ಎಂದು ಬಸವರಾಜುವಿಗೆ ವಿವರಿಸಿದ. "ಮೊದಲು ನಮ್ಮ ಮನೆಯೋಳು ಒಂದ್ಸಲ ಕೂತು ನೋಡ್ಲಿ, ಹೊಟ್ಟೆ ತೊಳಸದಿದ್ರೆ ಸಹಿ ಹಾಕ್ತೀನಿ ಅಂದಿದ್ರು. ಮೂರು ಸಲ ಬಿಟ್ಕೊಟ್ಟೋರು ಕೇಳಿದ್ದು ಇದೊಂದೇ. ಅದಕ್ಕೇ ಇಲ್ಲಿಗೇ ತಂದೆ."

"ಇನ್ನೇನು ಕಾರು ಮಾರಾಯ್ರೆ ಈ ಮನೆಗೆ. ತಗೊಂಡು ಹೋಗಿ. ಅಣ್ಣ ಇದ್ದಿದ್ರೂ ಅದೇ ಹೇಳ್ತಿದ್ರು. ಪರವಾಗಿಲ್ಲ, ಬೇಕಾದೋರಿಗೆ ಕೊಡಿ."

"ನಂಗೆ ಪರವಾ ಇದೆ," ಎಂದರು ಜಗಲಿಯಿಂದ ಸಾವಿತ್ರಮ್ಮ.

ಆ ಮಾತನ್ನು ಹಾಗೆ ಯಾರೂ ಆಡುವುದಿಲ್ಲ. ನಮ್ಮ ಬಾಯಲ್ಲಿ ಅದಕ್ಕೆ ಇಲ್ಲ ಎನ್ನುವ ಬಾಲ ಅಂಟಿಕೊಂಡೇ ಬರುತ್ತದೆ. ಬಸವರಾಜು ಕಿವಿಗೆ ಸರಿಯಾಗಿ ಕೇಳಿಸಲಿಲ್ಲವೇನೋ ಎಂಬಂತೆ ತಿರುಗಿ ನೋಡಿದ.

ಸಾವಿತ್ರಮ್ಮ ಮೆಟ್ಟಿಲಿಳಿದು ಬಂದಿದ್ದರು. "ಕೂತು ನೋಡ್ಲಿ ಅಂದಿದ್ರಲ್ಲ? ಕೂತು ನೋಡ್ತೀನಿ. ಕಳಸದ ತನಕ."

"ಅತ್ತಿಗೆ! ಚಿತೆ ಇನ್ನೂ ಆರಿಲ್ಲ. ಹನ್ನೊಂದು ದಿನ ಹೊಸಿಲು ದಾಟಬಾರದು. ನಾಲ್ಕು ಜನ ಏನಂತಾರೆ?"

"ಆ ನಾಲ್ಕು ಜನಕ್ಕೆ ಕೊಟ್ಟು ಕೊಟ್ಟೇ ಇಷ್ಟಾಗಿದ್ದು ಬಸವರಾಜು. ಹನ್ನೊಂದು ದಿನ ನಮ್ಮವ್ವನ ಹತ್ರ ಇದೆಯೋ ಇಲ್ವೋ, ನೀನು ಹೇಳ್ತೀಯಾ?"

ಕಳಸದಿಂದ ಬಂದಿದ್ದ ತಮ್ಮ ಶಂಕರ ಹತ್ತಿರ ಬಂದ. "ಅಕ್ಕ, ಅವ್ವಂಗೆ ಈಗ ಯಾರೂ ಗೊತ್ತಾಗಲ್ಲ," ಎಂದ ಮೆಲ್ಲಗೆ.

"ನಂಗೆ ಗೊತ್ತಾಗುತ್ತಲ್ಲ ಶಂಕರ."

ಅವರು ಕಾರಿನ ಮುಂದಿನ ಸೀಟಿನಲ್ಲಿ ಕುಳಿತರು. ದೀಪಶ್ರೀ ಒಳಗೆ ಓಡಿ ಒಂದು ಬಾಟಲಿ ನೀರು ತಂದು ಹಿಂದೆ ಹತ್ತಿದಳು, ಶಂಕರನೂ ಹತ್ತಿದ. ಪ್ರಸನ್ನಕುಮಾರ ಸ್ಟಿಯರಿಂಗಿನ ಮುಂದೆ ಕುಳಿತ. ಕಾರು ಸದ್ದೇ ಇಲ್ಲದೆ ಹೊರಟಿತು.

*

ದಾರಿಯುದ್ದಕ್ಕೂ ಸಾವಿತ್ರಮ್ಮನಿಗೆ ಹೊಟ್ಟೆ ತೊಳಸಲಿಲ್ಲ. ಅದಕ್ಕೇ ಹೆಚ್ಚು ದುಃಖವಾಯಿತು. ಇಷ್ಟೇ ಇಷ್ಟು ದಾರಿ.

ಶಂಕರನ ಮನೆ ಕಳಸದ ಪೇಟೆ ಮುಟ್ಟುವ ಮೊದಲೇ, ರಸ್ತೆಯ ಪಕ್ಕ. "ಸೂತಕದೋಳು ನಾನು, ಒಳಗೆ ಬರಲ್ಲ. ಅವ್ವನ್ನ ಇಲ್ಲಿಗೇ ಕರ್ಕೊಂಡು ಬಾ," ಎಂದು ಸಾವಿತ್ರಮ್ಮ ಹೇಳುವಷ್ಟರಲ್ಲಿ ಶಂಕರ ಇಳಿದಾಗಿತ್ತು. ಸಾವಿತ್ರಮ್ಮ ದೀಪಶ್ರೀಯನ್ನು ಮುಂದೆ ಕಳಿಸಿ, ಹಿಂದಿನ ಸೀಟಿಗೆ ಬಂದು ಕಿಟಕಿಯ ಬದಿ ಕುಳಿತರು. ಅವನು ಅವ್ವನನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದು ಅವರ ಪಕ್ಕ ಕೂರಿಸಿದ. ಎಷ್ಟು ಸಣ್ಣಗಾಗಿಬಿಟ್ಟಿದ್ದರು ಅವ್ವ! ಸಾವಿತ್ರಮ್ಮ ಅವರ ಕೈ ಹಿಡಿದುಕೊಂಡರು. ಅವ್ವ ಹಿಡಿಸಿಕೊಂಡರು, ಹೊಸ ಸೀಟನ್ನು ಇನ್ನೊಂದು ಕೈಯಿಂದ ಸವರಿ ನೋಡಿದರು.

"ಯಾವೂರಮ್ಮ ನಿಂದು?"

"ಬಾಳೂರು, ಅವ್ವ."

ಅವ್ವನ ಮುಖ ಅರಳಿತು. "ಬಾಳೂರಾ? ನನ್ನ ಮಗಳನ್ನ ಅಲ್ಲಿಗೇ ಕೊಟ್ಟಿರೋದು. ಗೊತ್ತಾ ನಿಂಗೆ?"

"ಗೊತ್ತು."

"ಕಾರು ಬಂದ ಕೂಡ್ಲೆ ಬರ್ತೀನಿ ಅಂದಿದಾಳೆ. ಅಳಿಯಂದ್ರು ಕರ್ಕೊಂಡು ಬರ್ತಾರೆ."

ದೀಪಶ್ರೀ ಮುಖ ತಿರುಗಿಸಿಕೊಂಡಳು. ಅವ್ವ ಕತ್ತು ಆಚೀಚೆ ಮಾಡಿ, ಮಗಳ ಹೆಗಲ ಪಕ್ಕದಿಂದ ಕಿಟಕಿಯಾಚೆ ಇಣುಕಿದರು.

"ಒಂಚೂರು ಸರಿಯಮ್ಮ. ನೀನು ಅಡ್ಡ ಕೂತ್ರೆ ರಸ್ತೆ ಕಾಣಲ್ಲ."

ಸಾವಿತ್ರಮ್ಮ ಸೀಟಿಗೆ ಬೆನ್ನು ಒತ್ತಿ ಸರಿದು ಕುಳಿತರು. ಅವ್ವ ಅವರ ಮಡಿಲಿನ ಮೇಲೆ ಮೊಣಕೈ ಊರಿ, ಗಾಜಿಗೆ ಹಣೆ ತಾಗಿಸಿ, ಬಾಳೂರಿನ ಕಡೆಯಿಂದ ಬರುವ ತಿರುವನ್ನೇ ನೋಡತೊಡಗಿದರು.